ಮನಸ್ಸೂ ಕಾನೂನೂ ಒಟ್ಟಿಗೆ: ಒಂದು ವರ್ಷ ಉಳಿಸುವ ಓದಿನ ಲೆಕ್ಕಾಚಾರ

ಪ್ಲಸ್ ಟು ಪರೀಕ್ಷೆ ಹತ್ತಿರ ಬಂದ ಹಾಗೆ ಮಕ್ಕಳು ನಿಮ್ಮ ಹತ್ತಿರ ತರುವ ಪ್ರಶ್ನೆಗಳಲ್ಲಿ ಈಗ ಇದೂ ಒಂದು: "ಟೀಚರ್, ನನಗೆ ಸೈಕಾಲಜಿಯೂ ಇಷ್ಟ, ಲಾ ಓದಲಿಕ್ಕೂ ಆಸೆ. ಎರಡನ್ನೂ ಒಟ್ಟಿಗೆ ಸೇರಿಸಿ ಬೇಗ ಮುಗಿಸುವ ಕೋರ್ಸ್ ಉಂಟಂತೆ, ಹೌದಾ?" ಮೊಬೈಲಿನಲ್ಲಿ ಅಮೆರಿಕದ ಯಾವುದೋ ಕಾಲೇಜಿನ ಜಾಹೀರಾತು ಕಂಡಿರುತ್ತದೆ. ನಮ್ಮಲ್ಲಿಯೂ ಅಂಥದ್ದು ಇದೆಯೋ ಇಲ್ಲವೋ ಗೊತ್ತಿರುವುದಿಲ್ಲ.

ಉತ್ತರ, ಉಂಟು. ಆದರೆ "ಬೇಗ" ಎಂಬ ಮಾತಿಗೆ ಅಲ್ಲಿ ಒಂದು ಅರ್ಥ, ಇಲ್ಲಿ ಇನ್ನೊಂದು. ಮಗುವನ್ನು ಆ ದಾರಿಗೆ ಹಚ್ಚುವ ಮೊದಲು ಅಧ್ಯಾಪಕರಾದ ನಾವು ಈ ಲೆಕ್ಕವನ್ನು ಸರಿಯಾಗಿ ತಿಳಿದಿರಬೇಕು.

ಅಮೆರಿಕದ 3+3

ಅಮೆರಿಕದಲ್ಲಿ ಕಾನೂನು ಎಂಬುದು ಪದವಿಯ ನಂತರದ ಓದು. ಮೊದಲು 4 ವರ್ಷ ಯಾವುದಾದರೂ ವಿಷಯದಲ್ಲಿ ಪದವಿ, ಆಮೇಲೆ 3 ವರ್ಷ ಲಾ ಸ್ಕೂಲು, ಒಟ್ಟು 7 ವರ್ಷ. ಪದವಿ ಇಂಥ ವಿಷಯದಲ್ಲೇ ಆಗಬೇಕು ಎಂಬ ಕಟ್ಟಳೆ ಇಲ್ಲ. ಇತಿಹಾಸ ಓದಿದವರೂ ಭೌತಶಾಸ್ತ್ರ ಓದಿದವರೂ ಹೋಗಬಹುದು. ಮನಶ್ಶಾಸ್ತ್ರ ಓದಿ ಹೋಗುವವರೂ ಬೇಕಾದಷ್ಟು ಜನ.

ಅಲ್ಲಿಯ ವಕೀಲರ ಸಂಘವಾದ ಅಮೆರಿಕನ್ ಬಾರ್ ಅಸೋಸಿಯೇಷನ್ನಿನ ನಿಯಮದಲ್ಲಿ ಒಂದು ಸಣ್ಣ ಸಂದು ಇದೆ. ಪದವಿ ಪೂರ್ತಿ ಆಗದಿದ್ದರೂ ಅದಕ್ಕೆ ಬೇಕಾದ ಓದಿನಲ್ಲಿ ನಾಲ್ಕರಲ್ಲಿ ಮೂರು ಪಾಲು ಮುಗಿಸಿದವರನ್ನು ಲಾ ಸ್ಕೂಲಿಗೆ ಸೇರಿಸಿಕೊಳ್ಳಬಹುದು. ಸಾಮಾನ್ಯವಾಗಿ ಪದವಿಗೆ 120 ಕ್ರೆಡಿಟ್ ಬೇಕು, ಹಾಗಾಗಿ 90 ಕ್ರೆಡಿಟ್ ಮುಗಿದಿರಬೇಕು ಎಂದಾಯಿತು. ಈ ಸಂದಿನಲ್ಲಿ ಹುಟ್ಟಿದ್ದೇ 3+3 ಎಂಬ ಜಂಟಿ ಪದವಿ. ವಿದ್ಯಾರ್ಥಿ 3 ವರ್ಷದಲ್ಲಿ ಮನಶ್ಶಾಸ್ತ್ರದ ಮುಖ್ಯ ಪಾಠಗಳನ್ನೆಲ್ಲ ಮುಗಿಸುತ್ತಾನೆ. ಲಾ ಸ್ಕೂಲಿನ ಮೊದಲ ವರ್ಷದ ಪಾಠಗಳು ಎರಡು ಕಡೆಯೂ ಲೆಕ್ಕಕ್ಕೆ ಬರುತ್ತವೆ, ಅಲ್ಲಿ ಕಾನೂನಿನ ಮೊದಲ ವರ್ಷವಾಗಿ, ಇಲ್ಲಿ ಪದವಿಯ ನಾಲ್ಕನೆಯ ವರ್ಷವಾಗಿ. ಹೀಗೆ 7 ವರ್ಷದ್ದು 6 ವರ್ಷಕ್ಕೆ ಮುಗಿಯುತ್ತದೆ, ಒಂದು ವರ್ಷದ ಫೀಸೂ ಊಟ-ವಸತಿಯ ಖರ್ಚೂ ಉಳಿಯುತ್ತದೆ.

ಉಳಿತಾಯಕ್ಕೆ ಬೆಲೆಯೂ ಉಂಟು. ಇಷ್ಟದ ಐಚ್ಛಿಕ ವಿಷಯಗಳಿಗೆ, ಸಂಶೋಧನೆಯಲ್ಲಿ ಕೈ ಪಳಗಿಸಿಕೊಳ್ಳಲಿಕ್ಕೆ ಸಿಗುವ ನಾಲ್ಕನೆಯ ವರ್ಷ ಕೈತಪ್ಪುತ್ತದೆ. ಉಳಿದವರಿಗಿಂತ ಒಂದು ವರ್ಷ ಮೊದಲೇ ಲಾ ಸ್ಕೂಲಿನ ಪ್ರವೇಶಕ್ಕೆ ತಯಾರಾಗಬೇಕು. ಆದರೆ ಆ ಪದ್ಧತಿಯಲ್ಲಿ ಒಂದು ಅನುಕೂಲವೂ ಇದೆ: ಒಂದು ವರ್ಷ ಕಾನೂನು ಓದಿ "ಇದು ನನಗೆ ಹೇಳಿಸಿದ್ದಲ್ಲ" ಅನ್ನಿಸಿದರೆ, ಮನಶ್ಶಾಸ್ತ್ರದ ಪದವಿಯನ್ನು ಹಿಡಿದುಕೊಂಡು ಹೊರಗೆ ಬರಬಹುದು.

ನಮ್ಮಲ್ಲಿಯ 5 ವರ್ಷ

ಈಗ ನಮ್ಮ ಲೆಕ್ಕಕ್ಕೆ ಬರೋಣ. ನಮ್ಮಲ್ಲಿ 3 ವರ್ಷದ ಬಿ.ಎ., ಆಮೇಲೆ 3 ವರ್ಷದ ಎಲ್‌ಎಲ್.ಬಿ. ಎಂಬುದು ಹಳೆಯ ಹೆದ್ದಾರಿ. ಅಮೆರಿಕದವರು "ವೇಗದ ಕೋರ್ಸ್" ಅನ್ನುವ 6 ವರ್ಷ ನಮಗೆ ಮಾಮೂಲು! ನಮ್ಮ ವೇಗದ ದಾರಿ ಎಂದರೆ ಪ್ಲಸ್ ಟು ಆದ ಕೂಡಲೇ ಸೇರುವ 5 ವರ್ಷದ ಸಂಯೋಜಿತ ಬಿ.ಎ. ಎಲ್‌ಎಲ್.ಬಿ. ಈ ಮಾದರಿಗೆ ದೇಶದಲ್ಲಿ ಹೆಸರು ತಂದುಕೊಟ್ಟದ್ದು ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲು. ಅದರ ಮೊದಲ ತಂಡ ಸೇರಿದ್ದು 1988ರಲ್ಲಿ. ಅದನ್ನು ಕಟ್ಟಿ ಬೆಳೆಸಿದ ಎನ್.ಆರ್. ಮಾಧವ ಮೆನನ್ ಕೇರಳದವರು.

ಕೇರಳದಲ್ಲಿ 2024ರಿಂದ 4 ವರ್ಷದ ಪದವಿ ಬಂದಿದೆಯಲ್ಲ, ಅದರಲ್ಲಿ 3 ವರ್ಷಕ್ಕೆ ಪದವಿ ಪಡೆದು ಹೊರಬರುವ ದಾರಿಯೂ ಉಂಟು. ಮಗು 4 ವರ್ಷ ಪೂರ್ತಿ ಓದಿ ಆಮೇಲೆ ಕಾನೂನಿಗೆ ಹೋದರೆ ನಮ್ಮಲ್ಲಿಯೂ 7 ವರ್ಷವೇ ಆಗುತ್ತದೆ.

5 ವರ್ಷದ ಕೋರ್ಸಿನ ವಿಷಯದಲ್ಲಿ ಮೂರು ಸಂಗತಿಗಳನ್ನು ಹೆತ್ತವರಿಗೆ ಮೊದಲೇ ಹೇಳಿಬಿಡಿ.

ಒಂದು, ಬಿ.ಎ. ಎಂದ ಮಾತ್ರಕ್ಕೆ ಅದರೊಳಗೆ ಮನಶ್ಶಾಸ್ತ್ರ ಇರುತ್ತದೆ ಅಂತ ಇಲ್ಲ. ಹೆಚ್ಚಿನ ಕಡೆ ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಇತಿಹಾಸ ಇರುತ್ತವೆ. ಕೆಲವೇ ಕಾಲೇಜುಗಳಲ್ಲಿ ಮನಶ್ಶಾಸ್ತ್ರ ಮುಖ್ಯ ವಿಷಯ, ಇನ್ನು ಕೆಲವು ಕಡೆ ಒಂದೆರಡು ಪೇಪರು ಮಾತ್ರ. ಕಾಲೇಜಿನ ಹೆಸರು ನೋಡಿ ಸೇರಿಸುವುದಲ್ಲ, ಐದು ವರ್ಷದ ಸಿಲೆಬಸ್ ತರಿಸಿ ಮನಶ್ಶಾಸ್ತ್ರದ ಪೇಪರು ಎಷ್ಟಿದೆ ಅಂತ ಮಗುವಿನ ಜತೆ ಕೂತು ಎಣಿಸಿ.

ಎರಡು, ನಡುವೆ ಇಳಿಯಲಿಕ್ಕೆ ಇಲ್ಲಿ ಸ್ಟಾಪ್ ಇಲ್ಲ. ಭಾರತೀಯ ಬಾರ್ ಕೌನ್ಸಿಲಿನ 2008ರ ನಿಯಮಗಳ ಪ್ರಕಾರ ಸಂಯೋಜಿತ ಕೋರ್ಸನ್ನು ಒಡೆದು, 3 ವರ್ಷಕ್ಕೆ ಬಿ.ಎ. ಕೊಟ್ಟು ಕಳಿಸುವ ಹಾಗಿಲ್ಲ. ಅಮೆರಿಕದ ಹುಡುಗನಿಗೆ ಇರುವ ಆ ಹಿಂಬಾಗಿಲು ನಮ್ಮ ಮಗುವಿಗೆ ಇಲ್ಲ. ಮನಸ್ಸು ಇನ್ನೂ ಗಟ್ಟಿಯಾಗದ ಮಗುವಿಗೆ 3+3ರ ಹಳೆಯ ದಾರಿಯೇ ಕ್ಷೇಮ. ಒಂದು ವರ್ಷ ಹೆಚ್ಚು ಹೋಗುತ್ತದೆ, ನಿಜ. ಆದರೆ ಕೈಯಲ್ಲಿ ಮನಶ್ಶಾಸ್ತ್ರದ ಪೂರ್ಣ ಪದವಿ ಇರುತ್ತದೆ.

ಮೂರು, ಈ ಓದು ವಕೀಲರನ್ನು ತಯಾರು ಮಾಡುತ್ತದೆ, ಮನಶ್ಶಾಸ್ತ್ರಜ್ಞರನ್ನಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಬೇಕಾದರೆ ಆ ವಿಷಯದಲ್ಲಿ ಮುಂದಿನ ತರಬೇತಿಯೂ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯೂ ಬೇಕು. ಎರಡರಲ್ಲೂ ಪೂರ್ತಿ ಪರಿಣತಿ ಬೇಕೆಂದರೆ ದಾರಿ ಉದ್ದ. ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾಲಯ ಲಿಂಕನ್ನಿನಲ್ಲಿ 1974ರಲ್ಲಿಯೇ ಕಾನೂನು ಪದವಿಯನ್ನೂ ಮನಶ್ಶಾಸ್ತ್ರದ ಪಿಎಚ್.ಡಿ.ಯನ್ನೂ ಜೋಡಿಸಿತು. ಅಲ್ಲಿ ವರ್ಷ ಉಳಿಸುವ ಮಾತು ದೊಡ್ಡದಲ್ಲ, ಎರಡು ಶಾಸ್ತ್ರ ಒಂದೇ ತಲೆಯಲ್ಲಿ ಕೂರಬೇಕು ಎಂಬುದು ದೊಡ್ಡದು.

ಎರಡು ಶಾಸ್ತ್ರಕ್ಕೆ ಏನು ಸಂಬಂಧ?

ಮಕ್ಕಳು ಇದನ್ನು ಕೇಳಿಯೇ ಕೇಳ್ತಾರೆ. ಹಾಗೆ ಕೇಳಿದರೆ ಒಂದು ಪ್ರಯೋಗದ ಕಥೆ ಹೇಳಿ.

ಅದೇ 1974ರಲ್ಲಿ ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬವರು 45 ವಿದ್ಯಾರ್ಥಿಗಳಿಗೆ ವಾಹನ ಅಪಘಾತದ ಚಿಕ್ಕ ಚಿಕ್ಕ ಚಲನಚಿತ್ರ ತೋರಿಸಿದರು. ಆಮೇಲೆ ಕಾರುಗಳ ವೇಗ ಎಷ್ಟಿತ್ತು ಅಂತ ಕೇಳಿದರು. ಎಲ್ಲರಿಗೂ ಪ್ರಶ್ನೆ ಒಂದೇ, ಒಂದು ಕ್ರಿಯಾಪದ ಮಾತ್ರ ಬೇರೆ ಬೇರೆ. "ಕಾರುಗಳು ಜಜ್ಜಿಹೋಗುವ ಹಾಗೆ ಗುದ್ದಿದಾಗ" ಎಂಬ ಅರ್ಥದ ಪದ ಕೇಳಿದವರು ಸರಾಸರಿ ಗಂಟೆಗೆ 40.5 ಮೈಲಿ, ಅಂದರೆ ಸುಮಾರು 65 ಕಿ.ಮೀ. ಎಂದರು. "ಒಂದಕ್ಕೊಂದು ತಾಗಿದಾಗ" ಎಂಬ ಅರ್ಥದ ಪದ ಕೇಳಿದವರು 31.8 ಮೈಲಿ, ಸುಮಾರು 51 ಕಿ.ಮೀ. ಎಂದರು.

ಇನ್ನೊಂದು ಪ್ರಯೋಗದಲ್ಲಿ 150 ಮಂದಿ. ವೇಗ ಕೇಳುವಾಗ 50 ಜನರಿಗೆ ಜಜ್ಜುವ ಪದ, 50 ಜನರಿಗೆ ಸಾದಾ "ಹೊಡೆದಾಗ", ಉಳಿದ 50 ಜನರಿಗೆ ಆ ಪ್ರಶ್ನೆಯೇ ಇಲ್ಲ. ಒಂದು ವಾರ ಬಿಟ್ಟು "ಒಡೆದ ಗಾಜು ನೋಡಿದ್ದೀರಾ?" ಅಂತ ಕೇಳಿದರು. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ. ಆದರೂ ಮೊದಲ ಗುಂಪಿನಲ್ಲಿ 16 ಮಂದಿ, ಎರಡನೆಯದರಲ್ಲಿ 7, ಮೂರನೆಯದರಲ್ಲಿ 6 ಮಂದಿ "ನೋಡಿದ್ದೇವೆ" ಎಂದರು.

ಯಾರೂ ಸುಳ್ಳು ಹೇಳಲಿಲ್ಲ ಎಂಬುದನ್ನು ಗಮನಿಸಿ. ಕೇಳಿದ ರೀತಿಯೇ ನೆನಪಿನೊಳಗೆ ಸೇರಿಕೊಂಡಿತು. ತೆರೆಯ ಮೇಲಿನ ಚಿತ್ರ ನೋಡುವುದಕ್ಕೂ ಎದುರಿಗೇ ಅಪಘಾತ ನೋಡುವುದಕ್ಕೂ ವ್ಯತ್ಯಾಸ ಇದೆ ಎಂಬ ಆಕ್ಷೇಪ ಸರಿಯೇ. ಆದರೂ ನೆನಪು ಕ್ಯಾಮೆರಾ ಅಲ್ಲ ಎಂಬ ಮಾತು ಆಮೇಲಿನ ಸಂಶೋಧನೆಗಳಲ್ಲೂ ಗಟ್ಟಿಯಾಗಿ ನಿಂತಿದೆ. ಉತ್ತರವನ್ನು ತಾನೇ ಬಾಯಿಗೆ ತುರುಕುವ ಸೂಚಕ ಪ್ರಶ್ನೆಗಳನ್ನು ಮುಖ್ಯ ವಿಚಾರಣೆಯಲ್ಲಿ ಕೋರ್ಟಿನ ಅನುಮತಿ ಇಲ್ಲದೆ ಕೇಳಬಾರದು ಎಂದು ನಮ್ಮ ಸಾಕ್ಷ್ಯ ಕಾನೂನು ಮೊದಲಿನಿಂದಲೂ ಹೇಳುತ್ತದೆ. ಪಾಟೀಸವಾಲಿನಲ್ಲಿ ಮಾತ್ರ ಕೇಳಬಹುದು. ಯಾಕೆ ಅಂತ ಲಾಫ್ಟಸರ ಪ್ರಯೋಗ ಅಂಕಿಗಳಲ್ಲಿ ತೋರಿಸಿಕೊಟ್ಟಿತು.

ಇನ್ನೊಂದು ಉದಾಹರಣೆಗೆ ಕರ್ನಾಟಕದ ಹೆಸರೇ ಅಂಟಿಕೊಂಡಿದೆ. ಸೆಲ್ವಿ ಮತ್ತು ಕರ್ನಾಟಕ ಸರಕಾರದ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2010ರ ಮೇ 5ರಂದು ತೀರ್ಪು ಕೊಟ್ಟಿತು. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಈ ಮೂರನ್ನೂ ವ್ಯಕ್ತಿಯ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ. ಮಾಡಿದರೆ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಾಗಿಲ್ಲ ಎಂಬ ಸಂವಿಧಾನದ 20(3)ನೆಯ ವಿಧಿಗೂ 21ನೆಯ ವಿಧಿಗೂ ಧಕ್ಕೆ ಎಂದಿತು. ಮದ್ದಿನ ಮಂಪರಿನಲ್ಲಿ ಆಡಿದ ಮಾತು ನಿಜವೇ? ಇದು ಮನಶ್ಶಾಸ್ತ್ರದ ಪ್ರಶ್ನೆ. ಆಡಿಸುವ ಹಕ್ಕು ಪೊಲೀಸರಿಗೆ ಉಂಟೇ? ಇದು ಕಾನೂನಿನ ಪ್ರಶ್ನೆ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಉತ್ತರ ಅರ್ಧವೇ.

ನಮ್ಮ ಶಾಲೆಗೆ ಇನ್ನೂ ಹತ್ತಿರದ ಸಂಗತಿ ಬೇಕೇ? 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಹೇಳಿಕೆ ತೆಗೆದುಕೊಳ್ಳುವ ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು. ವಕೀಲರು ಮಗುವಿಗೆ ನೇರವಾಗಿ ಪ್ರಶ್ನೆ ಹಾಕುವ ಹಾಗಿಲ್ಲ, ನ್ಯಾಯಾಧೀಶರ ಮೂಲಕವೇ ಕೇಳಬೇಕು. ಅಗತ್ಯ ಇದ್ದರೆ ಭಾಷಾಂತರಕಾರರ ನೆರವೂ ಪಡೆಯಬಹುದು. 2015ರ ಬಾಲನ್ಯಾಯ ಕಾಯ್ದೆಯಲ್ಲಿ, ಘೋರ ಅಪರಾಧದ ಆರೋಪ ಹೊತ್ತ 16 ದಾಟಿದ ಹುಡುಗನ ಮಾನಸಿಕ ಸಾಮರ್ಥ್ಯವನ್ನು ಮಂಡಳಿ ಮೊದಲು ಅಳೆಯಬೇಕು. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಅಥವಾ ಮನೋವೈದ್ಯದ ಪದವಿ ಪಡೆದವರು ಇಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಇಂಥ ಕಡೆ ಎರಡೂ ಬಲ್ಲವರು ಬೇಕು.

ಗಡಿಯ ಮಗುವಿಗೆ ಇದರಲ್ಲಿ ಏನು?

ಕಾಸರಗೋಡಿನಲ್ಲಿ ಕನ್ನಡದ ಅಜ್ಜಿಯೊಬ್ಬರು ಪೊಲೀಸ್ ಠಾಣೆಯಲ್ಲಿ ಹೇಳಿಕೆ ಕೊಡುತ್ತಾರೆ ಅಂತ ಇಟ್ಟುಕೊಳ್ಳಿ. ಅವರು "ಗಾಡಿ ತಾಗಿತು" ಅನ್ನುತ್ತಾರೆ. ಬರೆದುಕೊಳ್ಳುವವರು ಮಲೆಯಾಳದಲ್ಲಿ ಬರೆಯುತ್ತಾರೆ. ಅದು ಕೋರ್ಟಿಗೆ ಹೋಗುವಾಗ ಇಂಗ್ಲಿಷ್ ಆಗಬಹುದು. ತಾಳವಾಡಿಯಲ್ಲಿ ತಮಿಳು, ಅಕ್ಕಲಕೋಟೆಯಲ್ಲಿ ಮರಾಠಿ, ಅಷ್ಟೇ ವ್ಯತ್ಯಾಸ. "ತಾಗಿತು" ಎಂಬ ಆ ಒಂದು ಪದ ದಾರಿಯಲ್ಲಿ "ಗುದ್ದಿತು" ಆದರೆ ಏನಾಗುತ್ತದೆ? ಲಾಫ್ಟಸರ 45 ವಿದ್ಯಾರ್ಥಿಗಳು ಅದಕ್ಕೆ ಉತ್ತರ ಕೊಟ್ಟಾಗಿದೆ.

ಸಾಕ್ಷಿ ಕೋರ್ಟಿನ ಭಾಷೆ ಬಿಟ್ಟು ಬೇರೆ ಭಾಷೆಯಲ್ಲಿ ನುಡಿದರೆ, ಸಾಧ್ಯವಿದ್ದಲ್ಲಿ ಅದೇ ಭಾಷೆಯಲ್ಲಿ ಬರೆದುಕೊಳ್ಳಬಹುದು, ಆಗದಿದ್ದರೆ ಸರಿಯಾದ ತರ್ಜುಮೆ ತಯಾರಿಸಬೇಕು ಎಂದು ಕ್ರಿಮಿನಲ್ ಕಾನೂನು ಹೇಳುತ್ತದೆ. ಆದರೆ ತರ್ಜುಮೆ ಸರಿಯೋ ತಪ್ಪೋ ಎಂದು ಎದ್ದು ನಿಂತು ಹೇಳಲಿಕ್ಕೆ ಎರಡೂ ಭಾಷೆ ಬಲ್ಲ ವಕೀಲರು ಕೋರ್ಟಿನಲ್ಲಿ ಇರಬೇಕಲ್ಲ! ಮನೆಯಲ್ಲಿ ತುಳುವೋ ಹವ್ಯಕವೋ ಮರಾಟಿಯೋ ಆಡಿ, ಶಾಲೆಯಲ್ಲಿ ಕನ್ನಡ ಕಲಿತು, ಪೇಟೆಯಲ್ಲಿ ಮಲೆಯಾಳ ಮಾತಾಡುವ ನಮ್ಮ ಮಕ್ಕಳಿಗೆ ಪದವೊಂದು ಭಾಷೆ ದಾಟುವಾಗ ಹೇಗೆ ಬಣ್ಣ ಬದಲಿಸುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅದು ಅವರ ನಿತ್ಯದ ಅನುಭವ. ಈ ಓದಿಗೆ ಅದು ದೊಡ್ಡ ಬಂಡವಾಳ.

ತಡೆಯೂ ಉಂಟು. ಹೆಚ್ಚಿನ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಪ್ರವೇಶ ಕೊಡಿಸುವ ಕ್ಲ್ಯಾಟ್ ಪರೀಕ್ಷೆ ಇಂಗ್ಲಿಷಿನಲ್ಲಿ. 2 ಗಂಟೆಯಲ್ಲಿ 120 ಪ್ರಶ್ನೆ, ತಪ್ಪಿಗೆ 0.25 ಅಂಕ ಕಡಿತ. ಉದ್ದುದ್ದ ಪ್ಯಾರಾ ಓದಿ ಉತ್ತರಿಸಬೇಕು. ಹತ್ತನೆಯವರೆಗೆ ಕನ್ನಡದಲ್ಲಿ ಓದಿದ ಮಗುವಿಗೆ ಬುದ್ಧಿ ಕಡಿಮೆ ಇರುವುದಿಲ್ಲ, ಓದುವ ವೇಗ ಕಡಿಮೆ ಇರುತ್ತದೆ. ಅದು ಅಭ್ಯಾಸದಿಂದ ಬರುವಂಥದ್ದು. ಎಂಟನೆಯ ತರಗತಿಯಿಂದಲೇ ದಿನಕ್ಕೆ ಒಂದು ಪುಟ ಇಂಗ್ಲಿಷ್ ಪತ್ರಿಕೆ ಓದಿಸಿ, ಅದರ ಸಾರವನ್ನು ಕನ್ನಡದಲ್ಲಿ ಹೇಳಿಸಿ. ಕ್ಲ್ಯಾಟ್ ಒಂದೇ ಬಾಗಿಲಲ್ಲ ಎಂಬುದನ್ನೂ ತಿಳಿಸಿ. ತಿರುವನಂತಪುರ, ಎರ್ನಾಕುಳಂ, ತೃಶ್ಶೂರು, ಕೋಝಿಕ್ಕೋಡಿನಲ್ಲಿ ಸರಕಾರಿ ಲಾ ಕಾಲೇಜುಗಳಿವೆ. ಅವುಗಳಿಗೆ ರಾಜ್ಯದ ಪ್ರವೇಶ ಪರೀಕ್ಷೆ ಬೇರೆ, ಫೀಸೂ ಕಡಿಮೆ.

ತರಗತಿಯಲ್ಲಿ ಮಾಡಿ ನೋಡಿ

ಈ ಪ್ರಯೋಗಕ್ಕೆ ಲ್ಯಾಬು ಬೇಡ. ಸೈಕಲ್ಲೊಂದು ಬೆಂಚಿಗೆ ಡಿಕ್ಕಿ ಹೊಡೆಯುವ ಅರ್ಧ ನಿಮಿಷದ ವಿಡಿಯೊ ನೀವೇ ತೆಗೆದು ಎಲ್ಲರಿಗೂ ಒಟ್ಟಿಗೆ ತೋರಿಸಿ. ಚೀಟಿ ಹಂಚಿ: ಅರ್ಧ ಮಕ್ಕಳಿಗೆ "ಸೈಕಲ್ ತಾಗಿದಾಗ ವೇಗ ಎಷ್ಟಿತ್ತು?", ಉಳಿದವರಿಗೆ "ಸೈಕಲ್ ಗುದ್ದಿದಾಗ ವೇಗ ಎಷ್ಟಿತ್ತು?" ಯಾರಿಗೆ ಯಾವ ಚೀಟಿ ಎಂಬುದನ್ನು ಚೀಟಿ ಎತ್ತಿಯೇ ನಿರ್ಧರಿಸಿ, ಪಕ್ಕದವರ ಉತ್ತರ ನೋಡದಿರಲಿ. ಎರಡು ಗುಂಪಿನ ಸರಾಸರಿ ತೆಗೆದು ಬೋರ್ಡಿನಲ್ಲಿ ಬರೆಯಿರಿ. ಒಂದು ವಾರ ಬಿಟ್ಟು, ವಿಡಿಯೊದಲ್ಲಿ ಇಲ್ಲದ ವಸ್ತುವೊಂದನ್ನು ನೋಡಿದಿರಾ ಅಂತ ಕೇಳಿ.

ವ್ಯತ್ಯಾಸ ಬಾರದೆ ಇದ್ದರೆ ಅದನ್ನೂ ಹಾಗೆಯೇ ಬರೆದಿಡಿ. ಮೂವತ್ತು ಮಕ್ಕಳ ತರಗತಿ ಚಿಕ್ಕ ಮಾದರಿ, ಯಾಕೆ ಬರಲಿಲ್ಲ ಎಂಬ ಚರ್ಚೆಯೇ ಒಂದು ಪಾಠ. ಎರಡು-ಮೂರು ಶಾಲೆಗಳ ಅಂಕಿ ಒಟ್ಟು ಮಾಡಿದರೆ ಇನ್ನೂ ಒಳ್ಳೆಯದು. ಹಾಗೆ ಮಾಡಿದವರು ಫಲಿತಾಂಶವನ್ನು ಈ ಪತ್ರಿಕೆಗೆ ಕಳಿಸಿಕೊಡಿ.

ಈ ಪ್ರಯೋಗದ ದಿನ ಯಾವ ಮಗುವಿನ ಕಣ್ಣು ಅರಳುತ್ತದೆ ಅಂತ ಸ್ವಲ್ಪ ಗಮನಿಸಿ. "ಹಾಗಾದರೆ ಸಾಕ್ಷಿಯ ಮಾತನ್ನು ಕೋರ್ಟು ಹೇಗೆ ನಂಬುವುದು?" ಅಂತ ಕೇಳುವ ಮಗು ಒಂದಾದರೂ ಇದ್ದೀತು. 5 ವರ್ಷವೋ 6 ವರ್ಷವೋ ಎಂಬ ಲೆಕ್ಕವನ್ನು ಆ ಮಗುವಿನ ಜತೆ ಕೂತು ಮಾಡಿ.