ಬೆಡ್ ನಂಬರಿನ ಹಿಂದಿರುವ ಆತಂಕ

ವಾರ್ಡಿಗೆ ಸೇರಿದ ರೋಗಿಗೆ ಹೆಸರಿಗಿಂತ ಮೊದಲು ಅಂಟಿಕೊಳ್ಳುವುದು ಬೆಡ್ ನಂಬರು. "ಹನ್ನೆರಡಕ್ಕೆ ಡ್ರಿಪ್ ಮುಗೀತು, ಏಳಕ್ಕೆ ಇಂಜೆಕ್ಷನ್ ಕೊಡಿ" ಎಂಬ ಮಾತು ಕಿವಿಗೆ ಬಿದ್ದಾಗ, ಈ ಸಿಸ್ಟರ್‌ಗಳ ಮನಸ್ಸು ಕಲ್ಲಾಗಿದೆ ಎಂದು ನೊಂದುಕೊಳ್ಳುವವರಿದ್ದಾರೆ. ಹಾಗೆ ತೀರ್ಮಾನಿಸುವ ಮುನ್ನ ಲಂಡನ್ನಿನ ಒಂದು ಹಳೆಯ ಅಧ್ಯಯನವನ್ನು ನೋಡಬೇಕು.

ಅಲ್ಲಿನ ಬೋಧನಾ ಆಸ್ಪತ್ರೆಯೊಂದರ ನರ್ಸ್‌ಗಳ ಕೆಲಸವನ್ನು ಹತ್ತಿರದಿಂದ ಗಮನಿಸಿದ ಮನೋವಿಶ್ಲೇಷಕಿ ಇಸಾಬೆಲ್ ಮೆಂಜೀಸ್, 1960ರಲ್ಲಿ ತಾವು ಕಂಡದ್ದನ್ನು ಪ್ರಕಟಿಸಿದರು. ಅಲ್ಲಿಯೂ ರೋಗಿಯನ್ನು ಬೆಡ್ಡಿನಿಂದಲೋ ಕಾಯಿಲೆಬಿದ್ದ ಅಂಗದಿಂದಲೋ ಗುರುತಿಸುತ್ತಿದ್ದರು. ಒಬ್ಬ ರೋಗಿಯನ್ನು ಒಬ್ಬಳೇ ಪೂರ್ತಿಯಾಗಿ ನೋಡಿಕೊಳ್ಳುವಂತಿರಲಿಲ್ಲ. ಕೆಲಸವನ್ನು ಚೂರುಚೂರಾಗಿ ಹಂಚುತ್ತಿದ್ದರು. ವಿದ್ಯಾರ್ಥಿನಿಯರ ವಾರ್ಡನ್ನು ಮೇಲಿಂದ ಮೇಲೆ ಬದಲಿಸುತ್ತಿದ್ದರು. ನೋವು, ಸಾವುಗಳನ್ನು ದಿನವೂ ಎದುರಿಸುವಾಗ ಹುಟ್ಟುವ ಆತಂಕವನ್ನು ತಡೆಯಲು ಆಸ್ಪತ್ರೆಯೇ ತನಗರಿವಿಲ್ಲದೆ ಕಟ್ಟಿಕೊಂಡ ಗೋಡೆ ಇದು ಎಂದರು ಮೆಂಜೀಸ್. ಆ ಗೋಡೆ ಆತಂಕವನ್ನು ತಡೆಯಲಿಲ್ಲ. ಒಬ್ಬರನ್ನು ಆರೈಕೆ ಮಾಡಿ ಗುಣಪಡಿಸಿದೆ ಎಂಬ ತೃಪ್ತಿಯನ್ನು ಕಿತ್ತುಕೊಂಡಿತು. ವಿದ್ಯಾರ್ಥಿನಿಯರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಮಂದಿ ತರಬೇತಿಯನ್ನೇ ಮುಗಿಸುತ್ತಿರಲಿಲ್ಲ.

ಇಂಥ ಕೆಲಸದಲ್ಲಿ ಮನಸ್ಸು ಬಸವಳಿದುಹೋಗುವ ಸ್ಥಿತಿಯನ್ನು ಅಳೆಯಲು 1981ರಲ್ಲಿ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಒಂದು ಪ್ರಶ್ನಾವಳಿ ರೂಪಿಸಿದರು. ಅದು ಮೂರು ಲಕ್ಷಣಗಳನ್ನು ನೋಡುತ್ತದೆ: ಭಾವನೆಗಳೆಲ್ಲ ಬತ್ತಿಹೋದಂಥ ದಣಿವು, ಎದುರಿಗಿರುವವರನ್ನು ವಸ್ತುವಿನಂತೆ ಕಾಣುವುದು, ನನ್ನಿಂದ ಏನೂ ಆಗುತ್ತಿಲ್ಲ ಎಂಬ ಕೊರಗು. ಇದೇ 'ಬರ್ನ್‌ಔಟ್'. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕಾಯಿಲೆಗಳ ಸಾಲಿಗೆ ಸೇರಿಸದೆ, ಕೆಲಸದ ಜಾಗದ ಒತ್ತಡಕ್ಕೆ ಸಂಬಂಧಿಸಿದ ವಿದ್ಯಮಾನ ಎಂದು ಕರೆಯಿತು. ಈ ವಿವರಣೆ ನನಗೆ ಬಹಳ ಮುಖ್ಯ ಎನಿಸುತ್ತದೆ. ತೊಂದರೆ ಹುಟ್ಟುವುದು ಕೆಲಸದ ಜಾಗದಲ್ಲಿ ಎಂದ ಮೇಲೆ, ಪರಿಹಾರವನ್ನು ನರ್ಸ್ ಒಬ್ಬಳ ಮನೋಬಲದಲ್ಲಿ ಹುಡುಕುವುದು ಅನ್ಯಾಯ.

ರಾತ್ರಿ ಪಾಳಿಯನ್ನೇ ನೋಡಿ. ನಿದ್ದೆಗೆಟ್ಟ ಮಿದುಳಿನಲ್ಲಿ ಭಯ, ಸಿಟ್ಟುಗಳಿಗೆ ಸ್ಪಂದಿಸುವ ಅಮಿಗ್ಡಲಾ ಎಂಬ ಭಾಗ ಅತಿಯಾಗಿ ಚುರುಕಾಗುತ್ತದೆ; ಅದನ್ನು ಹತೋಟಿಯಲ್ಲಿಡುವ ಹಣೆಯ ಹಿಂದಿನ ಭಾಗದ ಹಿಡಿತ ಸಡಿಲವಾಗುತ್ತದೆ. ರೋಗಿಯ ಕಡೆಯವರ ಒಂದು ಬೈಗುಳ ಹಗಲಿಗಿಂತ ನಸುಕಿನ ನಾಲ್ಕು ಗಂಟೆಗೆ ಹೆಚ್ಚು ಚುಚ್ಚುವುದಕ್ಕೆ ಇದೂ ಒಂದು ಕಾರಣ. ಹಗಲಲ್ಲಿ ಎಷ್ಟೇ ಮಲಗಿದರೂ ಆ ನಿದ್ದೆ ಪೂರ್ತಿ ಭರ್ತಿಯಾಗುವುದಿಲ್ಲ. ದೇಹದ ಗಡಿಯಾರ ಬೆಳಕಿನ ಮಾತನ್ನು ಕೇಳುತ್ತದೆಯೇ ಹೊರತು ಡ್ಯೂಟಿ ಪಟ್ಟಿಯ ಮಾತನ್ನಲ್ಲ.

ತೊಂದರೆಯ ಬೇರು ಕೆಲಸದ ಜಾಗದಲ್ಲೇ ಇದೆ ಎಂಬುದಕ್ಕೆ ಎಲ್ಲಕ್ಕಿಂತ ಸ್ಪಷ್ಟ ಪುರಾವೆ ಸಿಕ್ಕಿದ್ದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಲಿಂಡಾ ಐಕೆನ್ ತಂಡ 168 ಆಸ್ಪತ್ರೆಗಳ 10,000ಕ್ಕೂ ಹೆಚ್ಚು ನರ್ಸ್‌ಗಳ ಮಾಹಿತಿಯನ್ನು ಪರಿಶೀಲಿಸಿ 2002ರಲ್ಲಿ ವರದಿ ಮಾಡಿತು. ಒಬ್ಬ ನರ್ಸ್‌ನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಆಕೆ ಬರ್ನ್‌ಔಟ್‌ಗೆ ಈಡಾಗುವ ಸಂಭವ ಶೇ. 23ರಷ್ಟು ಏರುತ್ತಿತ್ತು. ಶಸ್ತ್ರಚಿಕಿತ್ಸೆಯಾದ ರೋಗಿ 30 ದಿನದೊಳಗೆ ಸಾಯುವ ಸಂಭವವೂ ಶೇ. 7ರಷ್ಟು ಹೆಚ್ಚುತ್ತಿತ್ತು. ಸಿಸ್ಟರ್‌ನ ನೆಮ್ಮದಿಯೂ ರೋಗಿಯ ಜೀವವೂ ಒಂದೇ ಲೆಕ್ಕಕ್ಕೆ ಸೇರಿವೆ. ಕ್ಯಾಲಿಫೋರ್ನಿಯಾ 2004ರಿಂದ ಒಬ್ಬ ನರ್ಸ್‌ಗೆ ಗರಿಷ್ಠ ಎಷ್ಟು ರೋಗಿಗಳು ಎಂಬುದನ್ನು ಕಾನೂನಿನಿಂದಲೇ ಗೊತ್ತುಮಾಡಿದೆ. ನಮ್ಮಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡವಿದೆ: ಬೋಧನಾ ಆಸ್ಪತ್ರೆಯಲ್ಲಿ 3 ರೋಗಿಗೆ ಒಬ್ಬರು, ಸಾಮಾನ್ಯ ಆಸ್ಪತ್ರೆಯಲ್ಲಿ 5ಕ್ಕೆ ಒಬ್ಬರು. ರಾತ್ರಿ ಹೊತ್ತು ಜನರಲ್ ವಾರ್ಡಿನಲ್ಲಿ ಕೂತು ಎದ್ದವರಿಗೆ ಅದು ಎಷ್ಟರಮಟ್ಟಿಗೆ ಜಾರಿಯಲ್ಲಿದೆ ಎಂದು ಹೇಳಬೇಕಾಗಿಲ್ಲ.

ಹಾಗೆಂದು ಸಂಖ್ಯೆ ಸರಿಯಾಗುವವರೆಗೆ ಸುಮ್ಮನಿರಬೇಕಿಲ್ಲ. ವಾರ್ಡಿನಲ್ಲಿ ಸಾವಾದ ದಿನ ಇನ್‌ಚಾರ್ಜ್ ಸಿಸ್ಟರ್ ಎಲ್ಲರನ್ನೂ ಹತ್ತು ನಿಮಿಷ ಕೂರಿಸಿ, ನಡೆದದ್ದನ್ನು ಯಾರ ಮೇಲೂ ತಪ್ಪು ಹೊರಿಸದೆ ಮಾತಾಡಲು ಬಿಡಬಹುದು. ರಾತ್ರಿ ಪಾಳಿ ಮುಗಿಸಿದವರನ್ನು ಮೀಟಿಂಗ್ ಎಂದು ನಿಲ್ಲಿಸಿಕೊಳ್ಳದೆ ಮನೆಗೆ ಕಳಿಸಬಹುದು. ತಿಂಗಳ ಡ್ಯೂಟಿ ಪಟ್ಟಿಯನ್ನು ಮುಂಚಿತವಾಗಿ ಕೊಡಬಹುದು. ಇವಕ್ಕೆ ದೊಡ್ಡ ಬಜೆಟ್ ಬೇಕಿಲ್ಲ.

ಈ ಬರಹ ಓದುತ್ತಿರುವ ನರ್ಸ್‌ಗಳಿಗೆ ಒಂದು ಮಾತು: ನಿದ್ದೆ ಬಾರದೆ, ಡ್ಯೂಟಿಗೆ ಹೊರಡುವಾಗ ಎದೆ ಡವಗುಟ್ಟುವ ದಿನಗಳು ಮುಗಿಯದಿದ್ದರೆ ಒಬ್ಬರೇ ನುಂಗಿಕೊಳ್ಳಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.