ಬಲ್ಲವನಿಗೇ ಬೇಕು ಕೈಪಿಡಿ

ಕಳೆದ ಮಳೆಗಾಲದಲ್ಲಿ ನಮ್ಮ ಕಚೇರಿಗೆ ಒಂದು ಕಾಗದ ಬಂದಿತು. ಬರೆದವರು ಮೂವತ್ತೈದು ವರ್ಷ ಗುಮಾಸ್ತಗಿರಿ ಮಾಡಿ ನಿವೃತ್ತರಾಗಿ, ಈಗ ಡೊಂಬಿವಲಿಯಲ್ಲಿ ಮಗನ ಮನೆಯಲ್ಲಿರುವ ಹಿರಿಯರೊಬ್ಬರು. ಬರೆದವರು ಎಂದೆವು; ನಿಜವಾಗಿ ಬರೆದವಳು ಅವರ ಮೊಮ್ಮಗಳು. ಹಿರಿಯರ ದೃಷ್ಟಿ ಹೋಗಿ ನಾಲ್ಕು ವರ್ಷಗಳಾದುವು. ಕಾಗದದ ಸಾರಾಂಶವಿಷ್ಟು: "ತಮ್ಮ ಪತ್ರಿಕೆಯನ್ನು ಈಗ ನಾನು ಓದಲಾರೆ, ಯಂತ್ರ ಓದಿ ಹೇಳಿದರೆ ಕೇಳಬೇಕು. ಮಿಕ್ಕ ಕನ್ನಡ ಪುಟಗಳನ್ನು ಅದು ಚೆನ್ನಾಗಿಯೇ ಓದುತ್ತದೆ. ತಮ್ಮ ಪುಟಕ್ಕೆ ಬಂದಾಗ ಮಾತ್ರ ತೊದಲಿ ಸುಮ್ಮನಾಗುತ್ತದೆ. ಹಳೆಯ ಓದುಗನಾದ ನನ್ನ ಮೇಲೆ ಈ ಮುನಿಸೇಕೆ?"

ಕಾಗದವನ್ನು ಓದಿ ನಮಗೆ ಬಹಳ ನಾಚಿಕೆಯಾಯಿತು. ನಮ್ಮ ಪತ್ರಿಕೆಯ ವೆಬ್ ಪುಟವನ್ನು ರಚಿಸಿದ ತರುಣನನ್ನು ಕೂಡಲೇ ಕರೆಯಿಸಿದೆವು. ಈತ ಹದಿನಾರನೆಯ ವಯಸ್ಸಿನಲ್ಲಿ ಕುಂದಾಪುರದ ಕಡೆಯಿಂದ ಬಂದು ನಮ್ಮ ಹೋಟೇಲಿನಲ್ಲಿ ಲೋಟ ತೊಳೆದು, ಬಳಿಕ ಗಲ್ಲಾದಲ್ಲಿ ಕುಳಿತು, ರಾತ್ರಿಶಾಲೆಯಲ್ಲಿ ಓದಿ ಎಸ್.ಎಸ್.ಎಲ್.ಸಿ. ಮುಗಿಸಿದವನು. ಅನಂತರ ಕೋಡ್ ಬರೆಯುವ ವಿದ್ಯೆಯನ್ನು ಕಲಿತು, ಹನ್ನೆರಡು ವರ್ಷಗಳಿಂದ ಅದೇ ವೃತ್ತಿಯಲ್ಲಿದ್ದಾನೆ. ಹಳೆಯ ಋಣವೆಂದು ನಮ್ಮ ಪುಟವನ್ನು ಕಾಸು ಪಡೆಯದೆ ಕಟ್ಟಿಕೊಟ್ಟವನು. ಕಾಗದವನ್ನು ನೋಡಿ ಆತನೆಂದನು: "ಧಣಿಗಳೇ, ಹನ್ನೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನನ್ನದರಲ್ಲಿ ತಪ್ಪಿರಲಾರದು, ಅವರ ಯಂತ್ರದ್ದೇ ದೋಷವಿರಬೇಕು."

ಎರಡು ದಿನ ಕಳೆದುವು. ಮೂರನೆಯ ದಿನ ಮುಖ ಬಾಡಿಸಿಕೊಂಡು ಬಂದನು. ತಪ್ಪು ಸಿಕ್ಕಿತ್ತು. ಅದು ಬರೇ ಎರಡು ಅಕ್ಷರದ ತಪ್ಪು.

ಪ್ರತಿಯೊಂದು ವೆಬ್ ಪುಟದ ತಲೆಯಲ್ಲಿ, ಕಣ್ಣಿಗೆ ಕಾಣದಂತೆ, 'ಈ ಪುಟದ ಭಾಷೆ ಇಂಥಾದ್ದು' ಎಂದು ಬರೆದಿಡುವ ಪದ್ಧತಿಯುಂಟು. ಭಾಷೆಯ ಪೂರ್ತಿ ಹೆಸರನ್ನು ಬರೆಯತಕ್ಕದ್ದಲ್ಲ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಗೊತ್ತುಮಾಡಿದ ಇಂಗ್ಲಿಷ್ ಅಕ್ಷರಗಳ ಗುರುತನ್ನು ಬರೆಯಬೇಕು. ಊರಿನ ಮೋಟಾರುಗಳ ಹಲಗೆಯ ಮೇಲೆ 'ಕೆ-ಎ' ಎಂಬುದನ್ನು ಹುಟ್ಟಿದಂದಿನಿಂದ ಕಂಡ ನಮ್ಮ ತರುಣ, ಕನ್ನಡಕ್ಕೂ ಅದೇ ಇರಬೇಕೆಂದು ಭಾವಿಸಿ ಹಾಗೆಯೇ ಬರೆದುಬಿಟ್ಟಿದ್ದನು. ಆದರೆ ಆ ಪಟ್ಟಿಯಲ್ಲಿ 'ಕೆ-ಎ' ಎಂದರೆ ಕಾಕಸಸ್ ಪರ್ವತದ ಮಗ್ಗುಲಲ್ಲಿರುವ ಜಾರ್ಜಿಯಾ ದೇಶದ ಭಾಷೆ. ಅಲ್ಲಿಯ ಜನ ತಮ್ಮ ನುಡಿಯನ್ನು 'ಕಾರ್ತುಲಿ' ಎನ್ನುತ್ತಾರಾದುದರಿಂದ ಆ ಗುರುತು ಅದಕ್ಕೆ ಸಂದಿದೆ. ಕನ್ನಡದ ಗುರುತು 'ಕೆ-ಎನ್'. ಕೊರಿಯನ್ನಿಗೆ 'ಕೆ-ಓ', ಕಾಶ್ಮೀರಿಗೆ 'ಕೆ-ಎಸ್', ಕಜಾಖ್ ಭಾಷೆಗೆ 'ಕೆ-ಕೆ', ಕಾಂಬೋಡಿಯಾದ ಖ್ಮೇರಿಗೆ 'ಕೆ-ಎಂ'. ಊಹೆಯಿಂದ ನಡೆಯುವವನಿಗೆ ಹೆಜ್ಜೆಹೆಜ್ಜೆಗೂ ಬೇರೊಂದು ದೇಶ ಎದುರಾಗುವುದು!

ಹೀಗೆ ನಮ್ಮ ಪುಟ ಮೂರು ವರ್ಷಕಾಲ ಕನ್ನಡದಲ್ಲಿ ಮಾತಾಡುತ್ತ, ತಾನು ಜಾರ್ಜಿಯಾದ್ದೆಂದು ಹೇಳಿಕೊಳ್ಳುತ್ತಿತ್ತು. ಕಣ್ಣಿದ್ದವರಿಗೆ ಅಕ್ಷರಗಳು ಕನ್ನಡದವಾಗಿಯೇ ಕಂಡುದರಿಂದ ಯಾರಿಗೂ ತಿಳಿಯಲಿಲ್ಲ. ಆದರೆ ಓದಿ ಹೇಳುವ ಯಂತ್ರ ಯಾವ ಭಾಷೆಯ ಧ್ವನಿಯನ್ನು ಎತ್ತಿಕೊಳ್ಳಬೇಕೆಂಬುದನ್ನು ಈ ಗುರುತಿನಿಂದ ಅರಿಯುವುದುಂಟು. ಮೂರು ವರ್ಷ ಯಾವ ಕಣ್ಣಿಗೂ ಬೀಳದ ತಪ್ಪನ್ನು ಕಣ್ಣಿಲ್ಲದ ಹಿರಿಯರು ಕಂಡುಹಿಡಿದರು.

"ಕೈಪಿಡಿಯನ್ನು ತೆರೆದು ನೋಡಬಾರದಿತ್ತೇ?" ಎಂದು ಕೇಳಿದೆವು. "ಅದು ಕಲಿಯುವ ಹುಡುಗರಿಗೆ ಎಂದುಕೊಂಡಿದ್ದೆ, ಧಣಿ" ಎಂದನು. ನಮ್ಮ ಇಂದಿನ ಲೇಖನ ಈ ಒಂದು ಮಾತಿನ ಮೇಲೆಯೇ ನಿಂತಿದೆ. ನಮ್ಮ ಓದುಗರಲ್ಲಿ ಎಷ್ಟೋ ಮಂದಿಯ ಮಕ್ಕಳೂ ತಮ್ಮಂದಿರೂ ಇಂದು ಪುಣೆ, ಹೈದರಾಬಾದು, ಬೆಂಗಳೂರುಗಳಲ್ಲಿ ಇದೇ ವೃತ್ತಿಯಲ್ಲಿರುವುದರಿಂದ ವಿಷಯವು ನಮಗೆ ಹೊರಗಿನದಲ್ಲ.

ಪುಸ್ತಕಗಳಲ್ಲಿ ಎರಡು ಜಾತಿ. ಒಂದು ಪಾಠ ಹೇಳುವ ಪುಸ್ತಕ. ಮೊದಲ ಪುಟದಿಂದ ಕೊನೆಯವರೆಗೆ ಓದಿ, ಕಲಿತು, ಬದಿಗಿಡುವಂಥಾದ್ದು. ಇನ್ನೊಂದು ಪರಾಮರ್ಶೆಯ ಕೈಪಿಡಿ. ಅದನ್ನು ಯಾರೂ ಪೂರ್ತಿ ಓದುವುದಿಲ್ಲ, ಬೇಕಾದಾಗ ಬೇಕಾದ ಪುಟವನ್ನು ತೆರೆದು ನೋಡಿ ಮುಚ್ಚುತ್ತಾರೆ. ಮೊದಲನೆಯದು ಅರಿಯದವನಿಗೆ, ಎರಡನೆಯದು ಬಲ್ಲವನಿಗೆ. ನಲ್ವತ್ತು ವರ್ಷ ಪೌರೋಹಿತ್ಯ ಮಾಡಿದ ಭಟ್ಟರು ಮುಹೂರ್ತ ಹೇಳುವ ಮೊದಲು ಪಂಚಾಂಗವನ್ನು ಬಿಡಿಸುತ್ತಾರೆ. ತಲೆನರೆತ ಹೆಡ್ ಕ್ಲಾರ್ಕು ರಜೆಯ ಅರ್ಜಿಯ ಮೇಲೆ ಷರಾ ಬರೆಯುವ ಮೊದಲು ನಿಯಮಗಳ ಪುಸ್ತಕವನ್ನು ತಿರುವುತ್ತಾನೆ. ನಮ್ಮ ಕಚೇರಿಯಲ್ಲಿ 1894ರಲ್ಲಿ ಮಂಗಳೂರಿನಲ್ಲಿ ಮೊದಲು ಪ್ರಕಟವಾದ ಕಿಟ್ಟೆಲ್ಲರ ನಿಘಂಟಿನ ಒಂದು ಪ್ರತಿಯಿದೆ. ಅದನ್ನು ತೆರೆಯುವವರು ಕನ್ನಡ ಬಾರದವರಲ್ಲ, ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಕನ್ನಡ ಬಲ್ಲ ಕರಡು ತಿದ್ದುವವರು.

ನಮ್ಮ ಹೋಟೇಲಿನ ಅಡಿಗೆಯ ಭಟ್ಟರ ಸಂಗತಿಯೂ ಹಾಗೆಯೇ. ಒಲೆಯ ಮುಂದೆ ಮೂವತ್ತು ವರ್ಷ ನಿಂತವರು. ಅಡಿಗೆಮನೆಯ ಗೋಡೆಯ ಮೊಳೆಗೆ ಎಣ್ಣೆ ಹಿಡಿದ ಒಂದು ಅಳತೆಯ ಪುಸ್ತಕವನ್ನು ತೂಗುಹಾಕಿದ್ದರು. ಹೊಸ ಹುಡುಗರು ಅದನ್ನು ಮುಟ್ಟುತ್ತಿರಲಿಲ್ಲ. ಭಟ್ಟರು ಮಾತ್ರ ದೊಡ್ಡ ಊಟದ ದಿನ ತಪ್ಪದೆ ನೋಡುತ್ತಿದ್ದರು. ಕೇಳಿದ್ದಕ್ಕೆ, "ನಾಲ್ಕು ಮಂದಿಗಾದರೆ ಕೈ ಅಳತೆ ಸಾಕು, ಧಣಿ. ನಾನೂರು ಮಂದಿಗೆ ಉಪ್ಪು ಹಾಕುವಾಗ ಕೈಯನ್ನು ನಂಬಬಾರದು" ಎಂದಿದ್ದರು. ವೆಬ್ ಪುಟ ಬರೆಯುವವನು ನಾನೂರಲ್ಲ, ನಾಲ್ಕು ಲಕ್ಷ ಮಂದಿಗೆ ಬಡಿಸುತ್ತಿರಬಹುದು.

ಈ ವೃತ್ತಿಯಲ್ಲಿ ಕೈಪಿಡಿಯ ಅಗತ್ಯ ಮಿಕ್ಕ ವೃತ್ತಿಗಳಿಗಿಂತ ಹೆಚ್ಚೇ ಎನ್ನಬೇಕು. ವೆಬ್ ಪುಟದ ಮೂಲದಲ್ಲಿರುವುದು ಎಚ್.ಟಿ.ಎಂ.ಎಲ್. ಎಂಬ ಗುರುತಿನ ಭಾಷೆ. ಹಸ್ತಪ್ರತಿಯ ಅಂಚಿನಲ್ಲಿ 'ಇದು ತಲೆಬರಹ, ಇದು ಹೊಸ ಪ್ಯಾರಾ' ಎಂದು ನಾವು ಅಚ್ಚುಮನೆಗೆ ಬರೆದು ಕಳುಹಿಸುವಂತೆ, ಕೋಡ್ ಬರೆಯುವವನು 'ಟ್ಯಾಗು' ಎಂಬ ಗುರುತುಗಳಿಂದ ಬ್ರೌಸರಿಗೆ ಆಜ್ಞೆ ಕೊಡುತ್ತಾನೆ. ಜಿನೀವಾ ನಗರದ ಬಳಿಯ ಸರ್ನ್ ಸಂಶೋಧನಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ ಎಂಬವರು 1989ರಲ್ಲಿ ಈ ಜಾಲದ ಯೋಜನೆಯನ್ನು ಮುಂದಿಟ್ಟರು. 1991ರ ಮೊದಲ ವಿವರಣೆಯಲ್ಲಿದ್ದ ಟ್ಯಾಗುಗಳು ಕೇವಲ 18. ಒಂದು ಸಂಜೆಯಲ್ಲಿ ಬಾಯಿಪಾಠ ಮಾಡಬಹುದಾಗಿತ್ತು. ಇಂದು ಅವು ನೂರನ್ನು ಮೀರಿವೆ. ಒಂದೊಂದಕ್ಕೂ ಹತ್ತಾರು ಉಪನಿಯಮಗಳಿವೆ. ಅದರ ಮೇಲೆ, ಪುಟದ ಬಣ್ಣ, ಅಳತೆ, ವಿನ್ಯಾಸಗಳನ್ನು ಗೊತ್ತುಮಾಡುವ ಸಿ.ಎಸ್.ಎಸ್. ಎಂಬ ಇನ್ನೊಂದು ಭಾಷೆ. ಇದನ್ನು 1994ರಲ್ಲಿ ಹೋಕನ್ ವಿಯುಮ್ ಲೀ ಸೂಚಿಸಿದರು, 1996ರ ಡಿಸೆಂಬರಿನಲ್ಲಿ ಮೊದಲ ಆವೃತ್ತಿ ಅಂಗೀಕೃತವಾಯಿತು. ಇವೆಲ್ಲವನ್ನೂ ತಲೆಯಲ್ಲಿ ಹೊತ್ತು ತಿರುಗುವ ಮನುಷ್ಯನನ್ನು ನಾವು ಇದುವರೆಗೆ ಕಂಡಿಲ್ಲ.

ಲೆಕ್ಕಕ್ಕಿಂತ ದೊಡ್ಡ ತೊಡಕೆಂದರೆ ನಿಯಮಗಳು ಬದಲಾಗುತ್ತಲೇ ಇರುವುದು. ಅಕ್ಷರಗಳಿಗೆ ಬಣ್ಣ ಕೊಡುವ 'ಫಾಂಟ್' ಟ್ಯಾಗು, ನಡುವಿಗೆ ತರುವ 'ಸೆಂಟರ್' ಟ್ಯಾಗು ಒಂದು ಕಾಲದಲ್ಲಿ ಪ್ರತಿ ಪುಟದಲ್ಲಿಯೂ ಇದ್ದುವು. 1997ರ ಡಿಸೆಂಬರಿನ ನಾಲ್ಕನೆಯ ಆವೃತ್ತಿಯಲ್ಲಿ ಅವನ್ನು ಬಿಡುವುದು ಲೇಸೆಂದು ಹೇಳಲಾಯಿತು. ಇಂದಿನ ನಿಯಮದಲ್ಲಿ ಅವು ಸರ್ವಥಾ ಬಳಸಬಾರದವುಗಳ ಸಾಲಿಗೆ ಸೇರಿವೆ. ಪುಟವನ್ನು ಕಂಬಕಂಬವಾಗಿ ವಿಭಾಗಿಸಲು ಹಿಂದೆ ಕೋಷ್ಟಕಗಳ ಉಪಾಯವನ್ನು ಮಾಡುತ್ತಿದ್ದರು. 'ಗ್ರಿಡ್' ಎಂಬ ಸುಲಭವಾದ ವಿಧಾನ 2017ರ ಮಾರ್ಚಿನಲ್ಲಿ ಪ್ರಮುಖ ಬ್ರೌಸರುಗಳಿಗೆ ಬಂದಿತು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಎಂಬ ಬ್ರೌಸರಿನ ಹಟಮಾರಿತನಕ್ಕೆಂದು ಕಲಿತ ನೂರು ಉಪಾಯಗಳು, 2022ರ ಜೂನಿನಲ್ಲಿ ಅದು ನಿವೃತ್ತವಾದೊಡನೆ ವ್ಯರ್ಥವಾದುವು. 2019ರಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಮ್ಮಿಗೂ ಬ್ರೌಸರು ತಯಾರಕರ ಮಂಡಲಿಗೂ ಒಪ್ಪಂದವಾಗಿ, ಎಚ್.ಟಿ.ಎಂ.ಎಲ್.ನ ನಿಯಮಗ್ರಂಥ ಒಂದೇ ಆಯಿತು. ಅದನ್ನು ಅವರು 'ಜೀವಂತ' ನಿಯಮವೆನ್ನುತ್ತಾರೆ. ಜೀವಂತವೆಂದರೆ ಇಂದಿಗೂ ತಿದ್ದುಪಡಿ ನಡೆಯುತ್ತಿದೆ ಎಂದರ್ಥ.

ಇಲ್ಲಿಯೇ ಅನುಭವಿಗೆ ಅಪಾಯ. ಹೊಸಬನಿಗೆ ತನಗೆ ತಿಳಿಯದೆಂಬುದು ಗೊತ್ತಿರುತ್ತದೆ, ಆದುದರಿಂದ ಕೇಳುತ್ತಾನೆ. ಹಳಬನಿಗೆ ತಿಳಿದಿದೆ ಎಂಬ ಧೈರ್ಯ. ಆ ತಿಳಿವಳಿಕೆ ಯಾವ ವರ್ಷದ್ದೆಂದು ಅವನು ನೋಡಿಕೊಳ್ಳುವುದಿಲ್ಲ. ಮೇಲಾಗಿ ಹೊಸಬನ ತಪ್ಪನ್ನು ಹತ್ತು ಮಂದಿ ತಿದ್ದುತ್ತಾರೆ. ಹಳಬನ ತಪ್ಪನ್ನು ಹತ್ತು ಮಂದಿ ನಕಲು ಮಾಡುತ್ತಾರೆ. ನಮ್ಮ ತರುಣನ 'ಕೆ-ಎ'ಯನ್ನು ಅವನ ಕೈಕೆಳಗಿನ ಇಬ್ಬರು ಹುಡುಗರು ತಮ್ಮ ಪುಟಗಳಿಗೂ ಇಳಿಸಿಕೊಂಡಿದ್ದರಂತೆ!

ಸೂಕ್ಷ್ಮ ಭೇದಗಳಲ್ಲಂತೂ ನೆನಪು ಕೈಕೊಡುವುದೇ ಹೆಚ್ಚು. ಚಿತ್ರದ ಬದಲಿಗೆ ಓದಿ ಹೇಳಬೇಕಾದ ಮಾತನ್ನು 'ಆಲ್ಟ್' ಎಂಬಲ್ಲಿ ಬರೆಯುತ್ತಾರೆ. ಬರೇ ಅಲಂಕಾರದ ಚಿತ್ರವಾದರೆ ಅದನ್ನು ಖಾಲಿಯಾಗಿ ಇಡಬೇಕು; ಆಗ ಯಂತ್ರ ಸುಮ್ಮನೆ ಮುಂದೆ ಹೋಗುತ್ತದೆ. ಆಲ್ಟನ್ನೇ ಬರೆಯದೆ ಬಿಟ್ಟರೆ, ಚಿತ್ರದ ಕಡತದ ಹೆಸರನ್ನು ಅಕ್ಷರ ಅಂಕಿಗಳ ಸಹಿತ ಒದರುವುದುಂಟು. ಖಾಲಿ ಇಡುವುದಕ್ಕೂ ಬಿಟ್ಟುಬಿಡುವುದಕ್ಕೂ ಇಷ್ಟು ಅಂತರ. ಕಣ್ಣಿದ್ದವನಿಗೆ ಎರಡೂ ಒಂದೇ. ಡೊಂಬಿವಲಿಯ ಹಿರಿಯರಿಗೆ ಒಂದಲ್ಲ.

ಹಿಂದೆಯೂ ಪ್ರವೀಣರು ಇದನ್ನರಿತಿದ್ದರು. 1997ರ ಸುಮಾರಿಗೆ ನೆಟ್‌ಸ್ಕೇಪ್ ಮತ್ತು ಎಕ್ಸ್‌ಪ್ಲೋರರ್ ಬ್ರೌಸರುಗಳು ತಲೆಗೊಂದು ದಾರಿ ಹಿಡಿದಿದ್ದಾಗ, 1998ರಲ್ಲಿ ಡ್ಯಾನಿ ಗುಡ್‌ಮನ್ ಎಂಬವರು 'ಡೈನಾಮಿಕ್ ಎಚ್.ಟಿ.ಎಂ.ಎಲ್.' ಕುರಿತು ಸಾವಿರ ಪುಟ ಮೀರಿದ ಕೈಪಿಡಿಯನ್ನು ಬರೆದರು. ಯಾವ ಆಜ್ಞೆ ಯಾವ ಬ್ರೌಸರಿನ ಎಷ್ಟನೆಯ ಆವೃತ್ತಿಯಿಂದ ನಡೆಯುವುದೆಂದು ಅದರಲ್ಲಿ ನಮೂದಿಸಿದ್ದರು. ಕಾಗದದ ಪುಸ್ತಕಕ್ಕೆ ಬದಲಾವಣೆಯ ವೇಗವನ್ನು ಹಿಡಿಯುವುದು ಕಷ್ಟವಾದುದರಿಂದ ಆ ಕೆಲಸವನ್ನು ಈಗ ಜಾಲದಲ್ಲಿಯೇ ಇರುವ ಕೈಪಿಡಿಗಳು ಮಾಡುತ್ತಿವೆ. ಮೊಜಿಲ್ಲಾ ಸಂಸ್ಥೆ 2005ರಲ್ಲಿ ಆರಂಭಿಸಿದ, ಎಂ.ಡಿ.ಎನ್. ಎಂದು ಕರೆಯುವ ಕೈಪಿಡಿ ಅವುಗಳಲ್ಲಿ ಪ್ರಸಿದ್ಧವಾದುದು. 2017ರಲ್ಲಿ ಮೈಕ್ರೋಸಾಫ್ಟ್, ಗೂಗಲ್‌ಗಳಂಥ ಪ್ರತಿಸ್ಪರ್ಧಿಗಳೂ ಅದರೊಡನೆ ಕೈಜೋಡಿಸಿದರು. ಓದುವುದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಹೋಟೇಲಿನ ಹುಡುಗನ ಮೊಬೈಲಿನಲ್ಲಿಯೂ ತೆರೆಯುತ್ತದೆ.

ಒಳ್ಳೆಯ ಕೈಪಿಡಿಯ ಲಕ್ಷಣಗಳನ್ನು ತರುಣನನ್ನೇ ಕೇಳಿ ಬರೆದುಕೊಂಡೆವು. ಮಾತು ಕಡಿಮೆಯಿರಬೇಕು. ಎಲ್ಲವೂ ಅಕ್ಷರಾನುಕ್ರಮದಲ್ಲಿ, ಹುಡುಕಿದೊಡನೆ ಸಿಗುವಂತಿರಬೇಕು. ಯಾವುದು ಹಳತಾಯಿತು, ಯಾವುದು ಎಲ್ಲ ಬ್ರೌಸರುಗಳಲ್ಲಿಯೂ ನಡೆಯುವುದು ಎಂದು ಸ್ಪಷ್ಟವಾಗಿ ಹೇಳಬೇಕು. ಒಂದು ಸಣ್ಣ ಉದಾಹರಣೆಯಿರಬೇಕು. ಕೊನೆಯ ಸಲ ತಿದ್ದಿದ ತಾರೀಖು ಇರಲೇಬೇಕು.

'ಈಗ ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಕೃತಕ ಬುದ್ಧಿಯ ಯಂತ್ರಗಳು ಬಂದಿವೆಯಲ್ಲ, ಕೈಪಿಡಿಯೇಕೆ?' ಎನ್ನುವವರುಂಟು. ಅವುಗಳಿಂದ ಉಪಕಾರವಾಗುವುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅವು ಸರಿಯನ್ನು ಹೇಳುವ ಧೈರ್ಯದಿಂದಲೇ ತಪ್ಪನ್ನೂ ಹೇಳಬಲ್ಲುವು. ಸಾಕ್ಷಿಯ ಮಾತನ್ನು ದಾಖಲೆಯೊಡನೆ ಹೋಲಿಸುವಂತೆ, ಅವುಗಳ ಉತ್ತರವನ್ನೂ ಕೈಪಿಡಿಯೊಡನೆ ಹೋಲಿಸಿ ನೋಡಬೇಕು.

ಪುಸ್ತಕದ ಬದನೆಕಾಯಿ ಪಲ್ಯಕ್ಕೆ ಬಾರದೆಂದು ನಮ್ಮ ಹಿರಿಯರು ನಗುತ್ತಿದ್ದರು. ಅನುಭವವಿಲ್ಲದವನ ಕೈಗೆ ಕೈಪಿಡಿ ಕೊಟ್ಟರೆ ಆ ಮಾತು ನಿಜವೇ. ಏನನ್ನು ಹುಡುಕಬೇಕೆಂಬುದೇ ಅವನಿಗೆ ಹೊಳೆಯುವುದಿಲ್ಲ. ಎಲ್ಲಿ ಸಂಶಯಪಡಬೇಕೆಂಬುದನ್ನು ಅನುಭವ ಕಲಿಸುತ್ತದೆ; ಆ ಸಂಶಯವನ್ನು ಕೈಪಿಡಿ ತೀರಿಸುತ್ತದೆ. ತೆರೆದು ನೋಡುವುದರಿಂದ ಅನುಭವಿಯ ಮಾನ ಹೋಗುವುದಿಲ್ಲ. ನೋಡದೆ ಮಾಡಿದ ತಪ್ಪಿನಿಂದ ಹೋಗುತ್ತದೆ.

ಎರಡು ಅಕ್ಷರಗಳನ್ನು ತಿದ್ದಲು ತರುಣನಿಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಅಂದೇ ಸಂಜೆ ಡೊಂಬಿವಲಿಗೆ ಫೋನು ಮಾಡಿದೆವು. ಮೊಮ್ಮಗಳು ಪುಟವನ್ನು ತೆರೆದಳು. ಯಂತ್ರವು ನಮ್ಮ ಅಂದಿನ ಸಂಪಾದಕೀಯವನ್ನು ಕನ್ನಡದಲ್ಲಿ ಓದತೊಡಗಿದ್ದು ನಮಗೂ ಕೇಳಿಸಿತು. ಹಿರಿಯರು ಪೂರ್ತಿ ಕೇಳಿ, "ಉಚ್ಚಾರ ಪರವಾಗಿಲ್ಲ, ಸಂಪಾದಕರೇ. ಎರಡನೆಯ ಪ್ಯಾರಾದಲ್ಲಿ ಒಂದು ವಿಭಕ್ತಿ ತಪ್ಪಿದೆ" ಎಂದರು.

ನಾವು ವ್ಯಾಕರಣದ ಪುಸ್ತಕವನ್ನು ತೆರೆದು ನೋಡಿದೆವು. ಅವರು ಹೇಳಿದ್ದೇ ಸರಿಯಾಗಿತ್ತು.