ಬೂತು ಬಲ್ಲವರ ಕಸುಬು

ಚುನಾವಣೆಯೆಂದರೆ ದುಡ್ಡು, ಜಾತಿ, ಗಾಳಿ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಈ ಮೂರನ್ನೂ ಮತವಾಗಿಸುವ ಕೈ ಬೇರೆ ಇರುತ್ತದೆ. ನಂಜನಗೂಡು ಮತ್ತು ತಿ. ನರಸೀಪುರದ ರಾಜಕಾರಣವನ್ನು ಹತ್ತಿರದಿಂದ ನೋಡಿದವರಿಗೆ ಆ ಕೈಯ ಪಳಗು ಗೊತ್ತು. ಅದನ್ನು ಒಂದು ಕಸುಬಾಗಿ ಗೌರವಿಸಬೇಕು ಎಂಬುದು ನನ್ನ ವಾದ.

ಈ ಕಸುಬಿನ ಕುಖ್ಯಾತ ಪ್ರವೀಣ ನ್ಯೂಯಾರ್ಕಿನ ವಿಲಿಯಂ ಟ್ವೀಡ್. 1823ರಲ್ಲಿ ಹುಟ್ಟಿದ ಈತ ಬೆಂಕಿ ಆರಿಸುವ ಸ್ವಯಂಸೇವಕರ ತಂಡದ ಮುಂದಾಳಾಗಿ ಹೆಸರು ಮಾಡಿದ. ಒಂದೇ ಅವಧಿಗೆ ಅಮೆರಿಕದ ಸಂಸತ್ತಿಗೆ ಹೋಗಿಬಂದು, ಮತ್ತೆ ನಗರ ರಾಜಕಾರಣಕ್ಕೇ ಅಂಟಿಕೊಂಡ. ಹಡಗಿನಿಂದ ಇಳಿದ ವಲಸಿಗನಿಗೆ ಪೌರತ್ವದ ಕಾಗದ, ಕೆಲಸವಿಲ್ಲದವನಿಗೆ ನಗರಸಭೆಯಲ್ಲೊಂದು ಕೆಲಸ, ಚಳಿಗಾಲದಲ್ಲಿ ಬಡವರ ಮನೆಗೆ ಕಲ್ಲಿದ್ದಲು: ಅವನ ಟ್ಯಾಮನಿ ಹಾಲ್ ಕೂಟ ಹೀಗೆ ಬೆಳೆಯಿತು. ಜೊತೆಗೇ ನ್ಯಾಯಾಲಯದ ಕಟ್ಟಡವೊಂದರ ಹೆಸರಿನಲ್ಲಿ ಲಕ್ಷಾಂತರ ಡಾಲರ್ ನುಂಗಿದ. ಥಾಮಸ್ ನ್ಯಾಸ್ಟ್‌ನ ವ್ಯಂಗ್ಯಚಿತ್ರಗಳು ಬೆನ್ನುಬಿಡದೆ ಕಾಡಿದವು. 1871ರಲ್ಲಿ ಬಿದ್ದ, 1878ರಲ್ಲಿ ಜೈಲಿನಲ್ಲೇ ಸತ್ತ. ಟ್ಯಾಮನಿ ಹಾಲ್ ಮಾತ್ರ ಇಪ್ಪತ್ತನೆಯ ಶತಮಾನದಲ್ಲೂ ಬಹುಕಾಲ ಬಾಳಿತು. ಕಳ್ಳತನ ಕಳಚಿದರೂ ಕಸುಬು ನಿಲ್ಲುತ್ತದೆ ಎಂಬುದಕ್ಕೆ ಇದು ಸಾಕ್ಷಿ. ನಮ್ಮವರನ್ನು ಟ್ವೀಡ್‌ನ ಸಾಲಿಗೆ ಸೇರಿಸಲು ಇದನ್ನು ಹೇಳುತ್ತಿಲ್ಲ. ಮನೆಮನೆಯ ಲೆಕ್ಕ ಇಟ್ಟುಕೊಳ್ಳುವ ವಿದ್ಯೆ ಎಲ್ಲ ಕಡೆಯೂ ಒಂದೇ, ಅಷ್ಟೇ.

ಆ ಲೆಕ್ಕ ಶುರುವಾಗುವುದು ಮತದಾರರ ಪಟ್ಟಿಯಿಂದ. ಸುಮಾರು ಎರಡು ಲಕ್ಷ ಮತದಾರರ ಒಂದು ವಿಧಾನಸಭಾ ಕ್ಷೇತ್ರದಲ್ಲಿ ಇನ್ನೂರಕ್ಕೂ ಹೆಚ್ಚು ಬೂತುಗಳಿರುತ್ತವೆ. ಫಲಿತಾಂಶ ಬಂದ ದಿನ ಜನ ನೋಡುವುದು ಅಂತರವನ್ನು. ಕಸುಬುದಾರ ಕಾಯುವುದು ನಮೂನೆ 20ಕ್ಕೆ, ಅಂದರೆ ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಎಂಬ ಪಟ್ಟಿಗೆ. ‘ಲೀಡ್ ಕೊಡ್ತೀವಿ’ ಎಂದು ಮಾತು ಕೊಟ್ಟ ಊರು ಕೊಟ್ಟಿತೇ, ಒಳಏಟು ಎಲ್ಲಿ ಬಿತ್ತು, ಎಲ್ಲವೂ ಅದರಲ್ಲಿ ತೆರೆದುಕೊಳ್ಳುತ್ತವೆ. ಆಮೇಲಿನ ಐದು ವರ್ಷ ರಿಪೇರಿ ಕೆಲಸ. ಹಾಲಿನ ಡೇರಿಯ ಅಧ್ಯಕ್ಷಗಿರಿಗೆ ಮುನಿಸಿಕೊಂಡ ಅಣ್ಣತಮ್ಮಂದಿರನ್ನು ಕೂರಿಸಿ ಮಾತಾಡಿಸಬೇಕು. ಸೊಸೈಟಿ ಸಾಲ, ಬಗರ್‌ಹುಕುಂ ಅರ್ಜಿ, ವೃದ್ಧಾಪ್ಯ ವೇತನ, ನಾಲೆಯ ಕೊನೆಯ ಗದ್ದೆಗೆ ತಲುಪದ ಕಬಿನಿ ನೀರು, ಯಾವುದನ್ನೂ ಮರೆಯುವಂತಿಲ್ಲ. ಸಾವಿನ ಮನೆಗೆ ಮೊದಲ ದಿನವೇ ಹೋಗಬೇಕು. ಮದುವೆಗೆ ತಡವಾಗಿ ಹೋದರೂ ನಡೆದೀತು. ಕೇರಿಯ ಯಜಮಾನರನ್ನು ಹೆಸರು ಹಿಡಿದು ಮಾತಾಡಿಸಿ, ಅವರ ಮಗಳನ್ನು ಯಾವ ಊರಿಗೆ ಕೊಟ್ಟಿದೆ ಎಂಬುದನ್ನೂ ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಆ ಊರಿನಲ್ಲೂ ಒಂದು ಬೂತಿದೆ.

ಇಷ್ಟು ಎಲ್ಲ ಕ್ಷೇತ್ರಕ್ಕೂ ಅನ್ವಯಿಸುತ್ತದೆ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಕಸುಬು ಇನ್ನಷ್ಟು ನಯವಾಗಬೇಕಾಯಿತು, ಅದಕ್ಕೆ ಮೀಸಲಾತಿ ಕಾರಣ. ತಿ. ನರಸೀಪುರ ಪರಿಶಿಷ್ಟ ಜಾತಿಗೆ ಮೀಸಲಾಗಿ ದಶಕಗಳಾದವು. ನಂಜನಗೂಡು 2008ರಲ್ಲಿ ಮೀಸಲಾಯಿತು. ಮೀಸಲು ಕ್ಷೇತ್ರದಲ್ಲಿ ಎದುರಾಳಿಗಳೆಲ್ಲ ದಲಿತರೇ. ಹಾಗಾಗಿ ದಲಿತ ಮತ ಒಡೆಯುತ್ತದೆ. ಗೆಲ್ಲಿಸುವುದು ಲಿಂಗಾಯತ, ನಾಯಕ, ಉಪ್ಪಾರ, ಕುರುಬ, ಒಕ್ಕಲಿಗರ ಬೀದಿಗಳು. 1993ರಲ್ಲಿ ಬದನವಾಳಿನಲ್ಲಿ ದೇವಸ್ಥಾನ ಪ್ರವೇಶದ ಜಗಳ ಮೂವರು ದಲಿತರ ಕೊಲೆಯಲ್ಲಿ ಮುಗಿದದ್ದು ಇದೇ ನಂಜನಗೂಡು ತಾಲ್ಲೂಕಿನಲ್ಲಿ. ಅಂಥ ನೆನಪಿರುವ ನೆಲದಲ್ಲಿ ಸ್ವಾಭಿಮಾನ ಬಿಡದೆ ಮೇಲಿನ ಬೀದಿಯ ಮತ ಕೇಳುವುದು, ಕೇಳಿದ ಮೇಲೂ ಕೇರಿಯವರ ಕಣ್ಣಲ್ಲಿ ಸಣ್ಣವನಾಗದಿರುವುದು ಎಷ್ಟು ಕಷ್ಟ ಎಂದು ಊಹಿಸಿಕೊಳ್ಳಿ. ಟ್ವೀಡ್‌ಗೆ ಇಂಥ ಪರೀಕ್ಷೆ ಬರಲಿಲ್ಲ.

ಆ ಪರೀಕ್ಷೆಯಲ್ಲಿ ಹೆಚ್ಚು ಸಲ ಪಾಸಾದವರು ವಿ. ಶ್ರೀನಿವಾಸಪ್ರಸಾದ್. ಮೈಸೂರಿನ ಅಶೋಕಪುರಂನವರು. 1974ರಲ್ಲಿ ಕೃಷ್ಣರಾಜ ಕ್ಷೇತ್ರದ ಉಪಚುನಾವಣೆಗೆ ಸ್ವತಂತ್ರರಾಗಿ ನಿಂತು ರಾಜಕಾರಣಕ್ಕೆ ಇಳಿದರು. ಚಾಮರಾಜನಗರ ಲೋಕಸಭಾ ಕ್ಷೇತ್ರದಿಂದ 1980, 1984, 1989, 1991, 1999 ಮತ್ತು 2019ರಲ್ಲಿ ಗೆದ್ದರು. ನಂಜನಗೂಡು, ತಿ. ನರಸೀಪುರ ಎರಡೂ ಅದೇ ಲೋಕಸಭಾ ಕ್ಷೇತ್ರದೊಳಗೆ ಬರುತ್ತವೆ. ಮೊದಲ ನಾಲ್ಕು ಗೆಲುವು ಕಾಂಗ್ರೆಸ್ಸಿನಿಂದ, ಐದನೆಯದು ಜೆಡಿಯುನಿಂದ, ಆರನೆಯದು ಬಿಜೆಪಿಯಿಂದ. ವಾಜಪೇಯಿ ಸರ್ಕಾರದಲ್ಲಿ ರಾಜ್ಯ ಸಚಿವರಾದರು. ಮತ್ತೆ ಕಾಂಗ್ರೆಸ್ಸಿಗೆ ಬಂದು 2008, 2013ರಲ್ಲಿ ನಂಜನಗೂಡಿನ ಶಾಸಕರಾದರು, ಕಂದಾಯ ಸಚಿವರೂ ಆದರು. ಪಕ್ಷ ಬದಲಿಸಿದಾಗಲೆಲ್ಲ ಅವಕಾಶವಾದ ಎಂದವರಿದ್ದಾರೆ. ಆ ಟೀಕೆಯಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ ಮೂರು ಗುರುತುಗಳ ಮೇಲೆ ಒಂದೇ ನೆಲದಲ್ಲಿ ಗೆಲ್ಲಬೇಕಾದರೆ ಜನ ಗುರುತನ್ನು ಬಿಟ್ಟು ಮನುಷ್ಯನನ್ನು ನೋಡುತ್ತಿರಬೇಕು.

ಮನುಷ್ಯನೊಬ್ಬನ ಬಲಕ್ಕೂ ಎಲ್ಲೆಯಿದೆ ಎಂದು ತೋರಿಸಿದ್ದು 2017ರ ನಂಜನಗೂಡು ಉಪಚುನಾವಣೆ. ಈ ಕಸುಬನ್ನು ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಪಾಠ ಸಿಗದು. 2016ರಲ್ಲಿ ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಸಂಪುಟದಿಂದ ಕೈಬಿಟ್ಟಾಗ ಪ್ರಸಾದ್ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿದರು. ಎದುರಿಗೆ ಕಾಂಗ್ರೆಸ್ ಯಾರನ್ನು ನಿಲ್ಲಿಸಬೇಕು? 2013ರಲ್ಲಿ ಇದೇ ಪ್ರಸಾದ್ ಎದುರು ಜೆಡಿಎಸ್‌ನಿಂದ ನಿಂತು ಎರಡನೆಯ ಸ್ಥಾನ ಪಡೆದಿದ್ದ ಕಳಲೆ ಕೇಶವಮೂರ್ತಿಯವರನ್ನೇ ಕರೆತಂದರು. ಜೆಡಿಎಸ್ ಅಭ್ಯರ್ಥಿಯನ್ನೇ ಹಾಕಲಿಲ್ಲ. ಅಲ್ಲಿಗೆ ಹಿಂದಿನ ಸಲದ ಮೊದಲ ಸ್ಥಾನದ ಪಕ್ಷ, ಎರಡನೆಯ ಸ್ಥಾನದ ಮನುಷ್ಯ ಎರಡೂ ಒಂದೇ ತಕ್ಕಡಿಗೆ ಬಿದ್ದವು. ಮಂತ್ರಿಗಳು ಹೋಬಳಿಗಳನ್ನು ಹಂಚಿಕೊಂಡು ಬೀಡುಬಿಟ್ಟರು. ಬಿಜೆಪಿಯ ಯಡಿಯೂರಪ್ಪನವರೂ ಊರೂರು ಸುತ್ತಿದರು. ಕೇಶವಮೂರ್ತಿಗೆ 86,212, ಪ್ರಸಾದ್‌ಗೆ 64,878. ಗೆದ್ದ ತಂತ್ರ ಹೂಡಿದವರು ಪಕ್ಕದ ಸಿದ್ದರಾಮನಹುಂಡಿಯ ಸಿದ್ದರಾಮಯ್ಯನವರು. ಅವರ ವರುಣ ಕ್ಷೇತ್ರವೂ ಈ ಎರಡು ತಾಲ್ಲೂಕುಗಳ ಊರುಗಳನ್ನು ಸೇರಿಸಿಕೊಂಡೇ ಆಗಿದೆ. 2006ರಲ್ಲಿ ಚಾಮುಂಡೇಶ್ವರಿ ಉಪಚುನಾವಣೆಯನ್ನು 257 ಮತಗಳಿಂದ ಗೆದ್ದಿದ್ದವರಿಗೆ ಒಂದೊಂದು ಬೂತಿನ ಬೆಲೆ ಬೇರೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅದಕ್ಕಿಂತ ಸಣ್ಣ ಅಂತರ ಕಂಡವರು ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದೇ ಒಂದು ಮತದಿಂದ ಗೆದ್ದರು: 40,752ಕ್ಕೆ 40,751. ಸೋತ ಎ.ಆರ್. ಕೃಷ್ಣಮೂರ್ತಿಯವರ ಕಾರಿನ ಚಾಲಕನಿಗೇ ಅಂದು ಮತ ಹಾಕಲು ಆಗಲಿಲ್ಲ ಎಂಬ ಕಥೆ ಇವತ್ತಿಗೂ ಚಾಲ್ತಿಯಲ್ಲಿದೆ. ಅದೇ ಧ್ರುವನಾರಾಯಣ 2019ರಲ್ಲಿ ಪ್ರಸಾದ್ ಎದುರು 1,817 ಮತಗಳಿಂದ ಲೋಕಸಭೆಗೆ ಸೋತರು.

ತಿ. ನರಸೀಪುರದ ಎಚ್.ಸಿ. ಮಹದೇವಪ್ಪನವರದು ಇನ್ನೊಂದು ಬಗೆಯ ಪಳಗು. 1985ರಲ್ಲಿ ಜನತಾ ಪಕ್ಷದಿಂದ ಮೊದಲು ಗೆದ್ದ ಅವರು 2023ರ ಹೊತ್ತಿಗೆ ಆರನೆಯ ಸಲ ಗೆದ್ದರು. ಐದು ವರ್ಷ ಲೋಕೋಪಯೋಗಿ ಸಚಿವರಾಗಿದ್ದು 2018ರಲ್ಲಿ ಜೆಡಿಎಸ್‌ನ ಎಂ. ಅಶ್ವಿನ್‌ಕುಮಾರ್ ಎದುರು ಸೋತರು. ಡಾಂಬರು ರಸ್ತೆ ಊರಿಗೆ ಬಂದಷ್ಟಕ್ಕೇ ಮತ ಅದರ ಹಿಂದೆ ಬರುವುದಿಲ್ಲ. 2023ರಲ್ಲಿ ಅವರ ಕಣ್ಣು ನಂಜನಗೂಡಿನ ಮೇಲಿತ್ತು. ಅಲ್ಲಿನ ಕಾಂಗ್ರೆಸ್ ಟಿಕೆಟ್ ಬಯಸಿದ್ದ ಧ್ರುವನಾರಾಯಣ ಮಾರ್ಚ್ 11ರಂದು ತೀರಿಕೊಂಡಾಗ ಹಟ ಬಿಟ್ಟು, ಅವರ ಮಗ ದರ್ಶನ್‌ಗೆ ದಾರಿಕೊಟ್ಟು ತಮ್ಮ ಊರಿಗೆ ಮರಳಿದರು. ನಂಜನಗೂಡಿನಲ್ಲಿ ಜೆಡಿಎಸ್ ಕೂಡ ಕಣಕ್ಕಿಳಿಯಲಿಲ್ಲ. ಪ್ರಸಾದರ ಅಳಿಯ, ಆಗಿನ ಶಾಸಕ ಬಿ. ಹರ್ಷವರ್ಧನ್ ಸೋತರು, ಮಹದೇವಪ್ಪ ತಮ್ಮ ಕ್ಷೇತ್ರದಲ್ಲಿ ಗೆದ್ದರು. ಬಿಟ್ಟುಕೊಡಬೇಕಾದ ಗಳಿಗೆಯನ್ನು ಗುರುತಿಸುವುದು ಹಿಡಿಯುವುದಕ್ಕಿಂತ ದೊಡ್ಡ ಕೌಶಲ ಎಂದು ನಾನು ಎಣಿಸುತ್ತೇನೆ.

2024ರ ಮಾರ್ಚ್‌ನಲ್ಲಿ, ರಾಜಕಾರಣಕ್ಕೆ ಬಂದು ಐವತ್ತು ವರ್ಷ ತುಂಬಿತೆಂದು ಪ್ರಸಾದ್ ನಿವೃತ್ತಿ ಘೋಷಿಸಿದರು. ಏಪ್ರಿಲ್‌ನಲ್ಲಿ, ಮತದಾನಕ್ಕೆ ಇನ್ನು ಎರಡು ವಾರವೂ ಇಲ್ಲದಿರುವಾಗ, ವರ್ಷಗಳಿಂದ ಮುಖ ಕೊಡದಿದ್ದ ಸಿದ್ದರಾಮಯ್ಯ, ಮಹದೇವಪ್ಪನವರ ಜೊತೆ ಪ್ರಸಾದರ ಮೈಸೂರಿನ ಮನೆಗೆ ಹೋದರು. ಅಭ್ಯರ್ಥಿಯೇ ಅಲ್ಲದ, ಕಾಯಿಲೆಯಿಂದ ನಲುಗಿದ್ದ ಹಳೆಯ ಎದುರಾಳಿಯ ಮನೆಗೆ ಮುಖ್ಯಮಂತ್ರಿ ಹೋಗಿದ್ದರಲ್ಲಿ ಸ್ನೇಹವೂ ಇದ್ದೀತು, ಬೂತಿನ ಲೆಕ್ಕವೂ ಇದ್ದೀತು. ಏಪ್ರಿಲ್ 26ರಂದು ಚಾಮರಾಜನಗರ ಮತ ಹಾಕಿತು, 29ರಂದು ಪ್ರಸಾದ್ ತೀರಿಕೊಂಡರು. ಅವರು ಆರು ಸಲ ಗೆದ್ದ ಆ ಸ್ಥಾನವನ್ನು ಜೂನ್‌ನಲ್ಲಿ ಮಹದೇವಪ್ಪನವರ ಮಗ ಸುನಿಲ್ ಬೋಸ್ ಸುಮಾರು 1.88 ಲಕ್ಷ ಮತಗಳ ಅಂತರದಿಂದ ಗೆದ್ದರು.